ಕೊಸರು ಕೇಳುವ ಮುನ್ನ

ಹೈದರಾಬಾದಿನ ರೈತು ಬಜಾರಿನಲ್ಲಿ ಕಳೆದ ಒಂದು ಮುಂಜಾವು

ಮನೆಯ ಖರ್ಚಿನ ಲೆಕ್ಕ ಬರೆದಿಡುವ ತಾಯಂದಿರಿಗೆ ಕಾಯಿಪಲ್ಯದ ಬೆಲೆಯಷ್ಟು ಚಂಚಲವಾದುದು ಮತ್ತೊಂದಿಲ್ಲವೆಂಬುದು ಚೆನ್ನಾಗಿ ಗೊತ್ತು. 2023ರ ಜುಲೈ ತಿಂಗಳಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿಗಳನ್ನು ದಾಟಿ, ಕೆಲವು ನಗರಗಳಲ್ಲಿ 200ನ್ನು ಮುಟ್ಟಿದಾಗ ನಮ್ಮ ಅಡುಗೆಮನೆಗಳಲ್ಲಿ ಹುಣಸೆಹಣ್ಣಿಗೆ ಮತ್ತೆ ಮರ್ಯಾದೆ ಬಂದಿತ್ತು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಅದೇ ಹಣ್ಣಿಗೆ ಬಿಡಿಸಿದ ಕೂಲಿಯೂ ಹುಟ್ಟದೆ, ರೈತರು ಅದನ್ನು ರಸ್ತೆಯ ಬದಿಗೆ ಸುರಿದು ಹೋದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಮೊದಲು ಕೊಳ್ಳುವವರು ಕಣ್ಣೀರಿಟ್ಟರು, ಬಳಿಕ ಬೆಳೆದವರು ಕಣ್ಣೀರಿಟ್ಟರು. ಇವರಿಬ್ಬರ ನಡುವಿನ ದಾರಿ ಇಷ್ಟೊಂದು ದೂರವಾದುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿರಲಿಲ್ಲ.

ಈ ಪ್ರಶ್ನೆ ನಮ್ಮ ಮನೆಯೊಳಗೇ ಹುಟ್ಟಿದ್ದಕ್ಕೆ ಕಾರಣವೂ ಉಂಟು. ನಾವು ನೌಕರಿಯ ನಿಮಿತ್ತ ಬೀದರಿಗೆ ಬಂದು ಅಲ್ಲಿಯೇ ನೆಲೆಸಿದವರು. ನಮ್ಮ ತಮ್ಮ ಭಾಲ್ಕಿ ತಾಲ್ಲೂಕಿನ ನಮ್ಮ ಊರಿನಲ್ಲಿದ್ದು ಹಿರಿಯರ ಹೊಲವನ್ನು ನೋಡಿಕೊಂಡಿದ್ದಾನೆ. ಬಾವಿಯ ನೀರಿನ ಆಸರೆಯಲ್ಲಿ ಒಂದೂವರೆ ಎಕರೆಯಷ್ಟು ಕಾಯಿಪಲ್ಯ ಬೆಳೆಯುವುದು ಆತನ ರೂಢಿ. ಒಮ್ಮೆ ಆತ ಟೊಮೆಟೊ ಕ್ರೇಟುಗಳನ್ನು ಟೆಂಪೊದಲ್ಲಿ ತುಂಬಿಕೊಂಡು ದೊಡ್ಡ ಪೇಟೆಯೊಂದಕ್ಕೆ ಹೋದನು. ರಾತ್ರಿಯೆಲ್ಲ ಕಾದು, ಬೆಳಗಿನ ಸವಾಲಿನಲ್ಲಿ ಮಾಲು ಮಾರಿ, ಅಡತಿ ಅಂಗಡಿಯವರು ಬರೆದುಕೊಟ್ಟ ಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮರಳಿದನು. ಟೆಂಪೊ ಬಾಡಿಗೆ, ಹಮಾಲಿ, ದಲ್ಲಾಳಿ, ತೂಕದಲ್ಲಿ ಕಳೆದ ಕಳೆತ ಎಲ್ಲವೂ ಹೋಗಿ ಉಳಿದ ಹಣ ಮರಳಿ ಬರುವ ಬಸ್ಸಿನ ಚೀಟಿಗೂ ಒಂದು ಊಟಕ್ಕೂ ಸರಿಹೋಗಿತ್ತು. ಆ ಪಟ್ಟಿಯನ್ನು ಆತ ಯಾರ ಮುಂದೆಯೂ ತೆಗೆದು ತೋರಿಸಲಿಲ್ಲ. ಆದರೆ ಆತನ ಮಗ ಅದನ್ನು ನೋಡಿದ್ದನು. ಅಂದಿನಿಂದ ಆ ಹುಡುಗನದು ಒಂದೇ ಮಾತು: ಪಟ್ಟಣದಲ್ಲಿ ಯಾವುದಾದರೂ ಕಟ್ಟಡದ ಬಾಗಿಲಿಗೆ ಕಾವಲು ನಿಂತರೂ ತಿಂಗಳಿಗೊಮ್ಮೆ ಪಗಾರ ಬರುತ್ತದೆ, ಈ ಹೊಲದ ಸಹವಾಸ ಸಾಕು.

ಇಂತಹ ಚಿಂತೆಯನ್ನು ಹೊತ್ತುಕೊಂಡೇ ನಾವು ಕಳೆದ ಮಾರ್ಗಶಿರ ಮಾಸದಲ್ಲಿ ಹೈದರಾಬಾದಿಗೆ ಹೊರಟೆವು. ಅಲ್ಲಿ ನೆಲೆಸಿರುವ ನಮ್ಮ ಮಗಳು ಅಳಿಯಂದಿರ ಹೊಸ ಮನೆಯ ಗೃಹಪ್ರವೇಶವಿತ್ತು. ತಮ್ಮನೂ ಆತನ ಮಗನೂ ನಮ್ಮೊಡನೆ ಬಂದಿದ್ದರು. ಐವತ್ತು ಜನರ ಊಟಕ್ಕೆ ಕಾಯಿಪಲ್ಯ ಬೇಕಾಗಿತ್ತು. ‘ಹಾಗಿದ್ದರೆ ನಾಳೆ ಬೆಳಗಾಗುವುದರೊಳಗೆ ಮೆಹದಿಪಟ್ಟಣದ ರೈತು ಬಜಾರಿಗೆ ಹೋಗಿಬರೋಣ, ಅಲ್ಲಿ ಬೆಳೆದವರೇ ಕುಳಿತು ಮಾರುತ್ತಾರೆ’ ಎಂದರು ನಮ್ಮ ಬೀಗರು. ಬೆಳೆದವರೇ ಕುಳಿತು ಮಾರುತ್ತಾರೆ ಎಂಬ ಮಾತು ಕೇಳಿ ತಮ್ಮನು ತಲೆಯೆತ್ತಿ ನೋಡಿದನು.

ದೀಪವಾರದ ಹೊತ್ತಿನಲ್ಲಿ

ನಸುಕಿನ ಚಳಿಯಲ್ಲಿ ನಾವು ಮೆಹದಿಪಟ್ಟಣ ತಲುಪಿದಾಗ ಬೀದಿಯ ದೀಪಗಳು ಇನ್ನೂ ಉರಿಯುತ್ತಿದ್ದವು. ಹೈದರಾಬಾದನ್ನು ಬಲ್ಲವರಿಗೆ ಈ ಜಾಗವನ್ನು ಪರಿಚಯಿಸಬೇಕಾಗಿಲ್ಲ. ವಿಮಾನ ನಿಲ್ದಾಣದ ಕಡೆಗೆ ಹೋಗುವವರಿಗಾಗಿ 2009ರಲ್ಲಿ ತೆರೆದ ಪಿ.ವಿ. ನರಸಿಂಹರಾವ್ ಮೇಲುರಸ್ತೆ ಆರಂಭವಾಗುವುದು ಇಲ್ಲಿಂದಲೇ. ಹಗಲಿನಲ್ಲಿ ಬಸ್ಸು, ಆಟೊ, ಕಾರುಗಳ ಗದ್ದಲದಿಂದ ರಸ್ತೆ ದಾಟುವುದೇ ಕಷ್ಟವಾಗುವ ಈ ಕೂಡುದಾರಿಯಲ್ಲಿ ಆ ಹೊತ್ತಿಗೆ ಕಾಣುತ್ತಿದ್ದುದು ಗಂಟುಮೂಟೆಗಳನ್ನು ಇಳಿಸುವ ಹಳ್ಳಿಯ ಜನ. ಒದ್ದೆ ಗೋಣಿಯಲ್ಲಿ ಸುತ್ತಿದ ಸೊಪ್ಪಿನ ಹೊರೆಗಳು, ಬುಟ್ಟಿಯ ಬದನೆಕಾಯಿ, ಚೀಲದ ಬಾಯಿಯಿಂದ ಇಣುಕುವ ಹಸಿ ತೊಗರಿಕಾಯಿ. ಮಣ್ಣಿನ ವಾಸನೆ, ಕೊತ್ತಂಬರಿಯ ವಾಸನೆ, ಚಹಾದ ಹೊಗೆ ಇವು ಮೂರೂ ಕೂಡಿಕೊಂಡು ನಮಗೆ ನಮ್ಮೂರ ವಾರದ ಸಂತೆಯ ನೆನಪಾಯಿತು.

ಒಳಗೆ ಕಾಲಿಟ್ಟೊಡನೆ ನಮ್ಮ ಕಣ್ಣಿಗೆ ಬಿದ್ದುದು ದರದ ಫಲಕ. ಅಂದಿನ ಒಂದೊಂದು ಕಾಯಿಪಲ್ಯದ ಹೆಸರೂ ಅದರ ಮುಂದೆ ಬೆಲೆಯೂ ಬರೆದಿದ್ದವು. ತೆಲುಗು ಲಿಪಿ ನಮ್ಮ ಲಿಪಿಯ ಒಡಹುಟ್ಟು. ತಲೆಕಟ್ಟಿನ ಚಿಕ್ಕಪುಟ್ಟ ವ್ಯತ್ಯಾಸವನ್ನು ಅರಿತುಕೊಂಡರೆ ಕನ್ನಡ ಬಲ್ಲ ಯಾರಾದರೂ ಓದಿಕೊಳ್ಳಬಹುದು. ನಮ್ಮ ಮನೆಯವರು ಫಲಕದ ಮುಂದೆ ನಿಂತು ಒಂದೊಂದನ್ನೇ ಓದತೊಡಗಿದರು. ಬೀರಕಾಯ ಎಂದರೆ ಹೀರೇಕಾಯಿ, ಸೊರಕಾಯ ಎಂದರೆ ಸೋರೆಕಾಯಿ, ದೊಂಡಕಾಯ ಎಂದರೆ ತೊಂಡೆಕಾಯಿ. ಗೋರುಚಿಕ್ಕುಡು ಎಂಬಲ್ಲಿ ಮಾತ್ರ ತಡೆದು, ರಾಶಿಯನ್ನು ನೋಡಿದ ಮೇಲೆ ‘ಅಯ್ಯ, ಇದು ನಮ್ಮ ಚವಳಿಕಾಯಿ’ ಎಂದು ನಕ್ಕರು. ಆಂಧ್ರದವರು ಗೋಂಗೂರ ಎಂದು ಕೊಂಡಾಡುವ ಸೊಪ್ಪನ್ನು ತೆಲಂಗಾಣದ ಹಳ್ಳಿಗರು ಪುಂಟಿಕೂರ ಎನ್ನುತ್ತಾರೆ. ಅದು ನಮ್ಮ ಜೋಳದ ರೊಟ್ಟಿಯ ಜೊತೆಗಾರ ಪುಂಡಿಪಲ್ಯವೇ ಅಲ್ಲದೆ ಬೇರೆಯಲ್ಲ. ರಾಜ್ಯದ ಗಡಿ ನಕಾಶೆಯಲ್ಲಿದೆ, ಅಡುಗೆಮನೆಯಲ್ಲಿ ಇಲ್ಲವೆಂಬುದು ಆ ಫಲಕದ ಮುಂದೆ ನಮಗೆ ಮನವರಿಕೆಯಾಯಿತು.

ಈ ಬಜಾರು ಹುಟ್ಟಿದ ಬಗೆ

ರೈತು ಬಜಾರು ಎಂಬುದು ಒಂದೇ ಊರಿನ ಒಂದೇ ಮಾರುಕಟ್ಟೆಯ ಹೆಸರಲ್ಲ. ಅವಿಭಜಿತ ಆಂಧ್ರಪ್ರದೇಶದಲ್ಲಿ ಚಂದ್ರಬಾಬು ನಾಯ್ಡು ಅವರು ಮುಖ್ಯಮಂತ್ರಿಗಳಾಗಿದ್ದಾಗ 1999ರ ಜನವರಿ 26ರಂದು ಈ ಯೋಜನೆ ಆರಂಭವಾಯಿತು. 2014ರಲ್ಲಿ ರಾಜ್ಯ ಎರಡಾದ ಮೇಲೆಯೂ ಎರಡೂ ಕಡೆ ಈ ಬಜಾರುಗಳು ಮುಂದುವರಿದಿವೆ. ಇದಕ್ಕೂ ಮೊದಲು 1987ರಲ್ಲಿ ಪಂಜಾಬಿನಲ್ಲಿ ‘ಅಪ್ನಿ ಮಂಡಿ’ ಎಂಬ ಹೆಸರಿನಿಂದ ರೈತರೇ ನೇರವಾಗಿ ಮಾರುವ ಪೇಟೆಗಳು ಹುಟ್ಟಿದ್ದವು. 1999ರ ನವೆಂಬರ್ 14ರಂದು ತಮಿಳುನಾಡಿನ ಮದುರೈ ನಗರದಲ್ಲಿ ಮೊದಲ ‘ಉಳವರ್ ಸಂದೈ’ ತೆರೆಯಿತು. ಸಂದೈ ಎಂದರೆ ನಮ್ಮ ಸಂತೆಯೇ. ನಮ್ಮ ಕರ್ನಾಟಕವೂ ಈ ದಿಕ್ಕಿನಲ್ಲಿ ಹಿಂದುಳಿದುದಲ್ಲ. ತೋಟಗಾರಿಕೆಯ ಋಷಿಯೆನಿಸಿದ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ 1959ರಲ್ಲಿಯೇ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೊಂದು ಸ್ಥಾಪನೆಯಾಗಿ, ಅದೇ ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆಯಿತು. ಅಲ್ಲಿ ಬೆಳೆಗಾರರ ಪರವಾಗಿ ಸಂಘ ಕೊಂಡು ಮಾರುತ್ತದೆ; ಇಲ್ಲಿ ಬೆಳೆಗಾರನೇ ಕುಳಿತು ಮಾರುತ್ತಾನೆ. ವ್ಯತ್ಯಾಸ ಇಷ್ಟೇ.

ಇದರ ನಿಯಮಗಳನ್ನು ಬೀಗರೂ ಅಲ್ಲಿಯ ಮಾರಾಟಗಾರರೂ ನಮಗೆ ವಿವರಿಸಿದರು. ಸುತ್ತಲಿನ ಹಳ್ಳಿಗಳಲ್ಲಿ ನಿಜವಾಗಿ ಕಾಯಿಪಲ್ಯ ಬೆಳೆಯುವವರನ್ನು ಅಧಿಕಾರಿಗಳು ಗುರುತಿಸಿ, ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಕೊಡುತ್ತಾರೆ. ಚೀಟಿಯುಳ್ಳವರಿಗೆ ಮಾತ್ರ ಕಟ್ಟೆಯ ಮೇಲೆ ಜಾಗ. ಜಾಗಕ್ಕೆ ದಲ್ಲಾಳಿಯೂ ಇಲ್ಲ, ಸವಾಲೂ ಇಲ್ಲ. ಬಜಾರಿನ ಉಸ್ತುವಾರಿಗೆ ಒಬ್ಬ ಅಧಿಕಾರಿ ಇರುತ್ತಾರೆ. ಸಗಟು ಪೇಟೆಯ ಅಂದಿನ ದರವನ್ನೂ ಚಿಲ್ಲರೆ ಅಂಗಡಿಗಳ ದರವನ್ನೂ ನೋಡಿಕೊಂಡು, ರೈತರೊಡನೆ ಸಮಾಲೋಚಿಸಿ ಬೆಲೆಯನ್ನು ನಿರ್ಧರಿಸಲಾಗುತ್ತದೆ. ಸಗಟು ದರಕ್ಕಿಂತ ಸುಮಾರು ಕಾಲುಭಾಗ ಹೆಚ್ಚು, ಅಂಗಡಿಯ ದರಕ್ಕಿಂತ ಸುಮಾರು ಕಾಲುಭಾಗ ಕಡಿಮೆ ಎಂಬುದು ಯೋಜನೆಯ ಮೂಲ ಆಶಯ. ಹತ್ತಿರದಲ್ಲಿ ಬೆಳೆಯದ ಆಲೂಗಡ್ಡೆಯಂತಹವುಗಳನ್ನು ಮಹಿಳೆಯರ ಸ್ವಸಹಾಯ ಸಂಘಗಳು ತರಿಸಿ ಮಾರುತ್ತವೆ. ನಡುವಿನ ಒಂದು ಮೆಟ್ಟಿಲನ್ನು ತೆಗೆದು, ಅದರ ಲಾಭವನ್ನು ಎರಡೂ ಕಡೆಗೆ ಹಂಚುವುದೇ ಇದರ ಗುಟ್ಟು.

ಈ ಮೆಟ್ಟಿಲುಗಳ ಭಾರ ಎಷ್ಟೆಂಬುದಕ್ಕೆ ಒಂದು ಲೆಕ್ಕವನ್ನು ಇಲ್ಲಿ ಹೇಳಬೇಕು. 2024ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಪ್ರಕಟಿಸಿದ ಸಂಶೋಧನಾ ಲೇಖನವೊಂದರ ಪ್ರಕಾರ, ಗ್ರಾಹಕನು ಟೊಮೆಟೊ ಹಣ್ಣಿಗೆ ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ತಲುಪುವುದು ಸುಮಾರು 33 ಪೈಸೆ. ಉಳ್ಳಾಗಡ್ಡಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದುದೆಲ್ಲ ಯಾರೋ ಒಬ್ಬರ ಜೇಬಿಗೆ ಹೋಯಿತೆಂದು ಹೇಳುವುದು ನ್ಯಾಯವಲ್ಲ. ಸಾಗಣೆ, ಹಮಾಲಿ, ಕೊಳೆತು ಹೋದ ಮಾಲು, ಅಂಗಡಿಯ ಬಾಡಿಗೆ, ಬಡ್ಡಿ ಎಲ್ಲವೂ ಅದರಲ್ಲಿ ಸೇರಿವೆ. ಆದರೂ ಬಿತ್ತಿ, ನೀರು ಕಟ್ಟಿ, ಕಳೆ ತೆಗೆದು, ಮಳೆಗೂ ಹುಳುವಿಗೂ ಅಂಜಿ ಬದುಕಿದವನ ಪಾಲು ಮೂರರಲ್ಲಿ ಒಂದು ಎಂಬ ಮಾತನ್ನು ನಾವು ಊಟಕ್ಕೆ ಕುಳಿತಾಗಲಾದರೂ ನೆನೆಯಬೇಡವೇ?

ಸೊಪ್ಪಿನ ತಾಯಿಯ ಲೆಕ್ಕ

ಬದನೆಕಾಯಿ, ಹಸಿಮೆಣಸಿನಕಾಯಿ, ಸೌತೆಕಾಯಿ ಕೊಂಡು ಮುಗಿಸಿ ನಾವು ಸೊಪ್ಪಿನ ಸಾಲಿಗೆ ಬಂದೆವು. ಅಲ್ಲಿ ಐವತ್ತರ ಆಸುಪಾಸಿನ ತಾಯಿಯೊಬ್ಬರು ಮೆಂತೆ, ಪಾಲಕ, ಕೊತ್ತಂಬರಿ, ಪುಂಡಿ ಇವುಗಳನ್ನು ಒಂದೇ ಗಾತ್ರದ ಕಟ್ಟುಗಳಾಗಿ ಕಟ್ಟಿ ಸಾಲಾಗಿ ಜೋಡಿಸಿಟ್ಟಿದ್ದರು. ಗುರುತಿನ ಚೀಟಿ ಕೊರಳಲ್ಲಿತ್ತು. ಅಂಗೈಗೆ ಸೊಪ್ಪಿನ ಹಸಿರು ಹತ್ತಿ ಕಪ್ಪಾಗಿತ್ತು. ಅವರು ತೆಲುಗಿನಲ್ಲಿ, ನಾವು ನಮ್ಮ ಬೀದರ ಸೀಮೆಯ ಕನ್ನಡದಲ್ಲಿ. ಆದರೂ ಮಾತಿಗೆ ತೊಡಕಾಗಲಿಲ್ಲ. ಹೊಲ, ನೀರು, ಬೀಜ, ಕೂಲಿ ಎಂಬ ವಿಷಯಗಳಲ್ಲಿ ಒಕ್ಕಲಿಗರಿಗೆ ದುಭಾಷಿ ಬೇಕಾಗುವುದಿಲ್ಲ.

ಅವರ ಊರು ಚೇವೆಳ್ಳದ ಕಡೆ. ಹೈದರಾಬಾದಿನಿಂದ ಆ ಕಡೆಗೆ ಹೋಗುವ ದಾರಿಯಲ್ಲಿ ನೂರಾರು ಹಳೆಯ ಆಲದ ಮರಗಳು ಸಾಲುಗಟ್ಟಿ ನಿಂತಿರುವುದನ್ನು ನೋಡಿದವರು ಮರೆಯುವುದಿಲ್ಲ. ಅರ್ಧ ಎಕರೆಯನ್ನು ಚಿಕ್ಕ ಚಿಕ್ಕ ಮಡಿಗಳಾಗಿ ಮಾಡಿ, ವಾರಕ್ಕೊಂದು ಮಡಿಯಂತೆ ಬಿತ್ತುತ್ತಾರಂತೆ. ಮೆಂತೆ ತಿಂಗಳೊಳಗೆ ಕೈಗೆ ಬರುತ್ತದೆ, ಕೊತ್ತಂಬರಿಗೆ ಅದಕ್ಕಿಂತ ಹತ್ತು ದಿನ ಹೆಚ್ಚು ಬೇಕು. ಒಂದು ಮಡಿ ಖಾಲಿಯಾಗುವಾಗ ಮತ್ತೊಂದು ಸಿದ್ಧವಾಗಿರಬೇಕು. ಇಳಿಹೊತ್ತಿನಲ್ಲಿ ಕಿತ್ತು, ದೀಪದ ಬೆಳಕಿನಲ್ಲಿ ಮನೆಮಂದಿಯೆಲ್ಲ ಕುಳಿತು ಕಟ್ಟು ಕಟ್ಟಿ, ನೀರು ಚಿಮುಕಿಸಿ, ಗೋಣಿಯಲ್ಲಿ ಸುತ್ತಿಡುತ್ತಾರೆ. ರಾತ್ರಿ ಎರಡಕ್ಕೆ ಎದ್ದು, ಊರಿನ ನಾಲ್ಕು ಮನೆಯವರು ಕೂಡಿ ಗೊತ್ತುಮಾಡಿದ ಗಾಡಿಯಲ್ಲಿ ಇಲ್ಲಿಗೆ ಬರುತ್ತಾರೆ. ‘ನಿದ್ದೆ ಯಾವಾಗ ತಾಯೀ?’ ಎಂದು ನಮ್ಮ ಮನೆಯವರು ಕೇಳಿದರು. ಮರಳುವಾಗ ಗಾಡಿಯಲ್ಲಿ ಎಂದು ಅವರು ನಕ್ಕರು.

ತಮ್ಮನು ಅಲ್ಲಿಯವರೆಗೆ ಸುಮ್ಮನಿದ್ದವನು ಮುಂದೆ ಬಂದು ಕುಕ್ಕುರುಗಾಲಿನಲ್ಲಿ ಕುಳಿತು ಕೇಳಿದ ಮೊದಲ ಪ್ರಶ್ನೆ ಬೆಲೆಯದಲ್ಲ. ‘ರೊಕ್ಕ ಯಾವಾಗ ಕೈಗೆ ಬರ್ತದವ್ವಾ?’ ಎಂದನು. ಅವರು ಸೆರಗಿನ ಗಂಟನ್ನು ಮುಟ್ಟಿ ತೋರಿಸಿದರು. ಕೊಟ್ಟ ಕೂಡಲೆ, ಇಲ್ಲಿಯೇ. ಪಟ್ಟಿ ಇಲ್ಲ, ಮುಂದಿನ ವಾರ ಬಾ ಎಂಬ ಮಾತಿಲ್ಲ. ಮಾರದೆ ಉಳಿದರೆ ಅದರ ನಷ್ಟವೂ ತಮ್ಮದೇ. ಮಳೆ ಬಂದ ದಿನ ಜನ ಬರುವುದಿಲ್ಲ, ಮಧ್ಯಾಹ್ನವಾದರೆ ಸೊಪ್ಪು ಬಾಡುತ್ತದೆ, ಆಗ ಸಿಕ್ಕ ಬೆಲೆಗೆ ಕೊಟ್ಟು ಏಳಬೇಕಾಗುತ್ತದೆ. ಆದರೆ ತಮ್ಮ ಮಾಲನ್ನು ಯಾರು ಕೊಂಡರು, ಎಷ್ಟಕ್ಕೆ ಕೊಂಡರು ಎಂಬುದು ತಮಗೆ ಗೊತ್ತಿರುತ್ತದೆ ಎಂದರು ಆ ತಾಯಿ. ತಮ್ಮನು ಆ ಮಾತನ್ನು ಕೇಳಿ ಮಗನ ಮುಖವನ್ನು ನೋಡಿದನು. ಹುಡುಗನು ಏನೂ ಹೇಳಲಿಲ್ಲ. ಮೆಂತೆಯ ಕಟ್ಟೊಂದನ್ನು ಎತ್ತಿ, ಬೇರಿನ ಮಣ್ಣು ತೊಳೆದಿರುವುದನ್ನೂ ಬಾಳೆನಾರಿನಿಂದ ಬಿಗಿದಿರುವುದನ್ನೂ ನೋಡುತ್ತ ನಿಂತಿದ್ದನು.

ನಾವು ಮಾಡಿದ ತಪ್ಪು

ಇಲ್ಲಿ ನಮ್ಮದೇ ಒಂದು ಸಣ್ಣತನವನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಐವತ್ತು ಜನರ ಊಟಕ್ಕೆಂದು ನಾವು ಇಪ್ಪತ್ತು ಕಟ್ಟು ಮೆಂತೆ, ಅಷ್ಟೇ ಪುಂಡಿ ತೆಗೆದುಕೊಂಡೆವು. ಹಣ ಕೊಡುವಾಗ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು: ‘ಇಷ್ಟೊಂದು ಕೊಂಡೀವಿ, ಮ್ಯಾಲೊಂದು ನಾಲ್ಕು ಕಟ್ಟು ಕೊಸರು ಹಾಕವ್ವಾ.’ ಆ ತಾಯಿ ಒಂದು ಕ್ಷಣ ತಡೆದು, ಎರಡು ಕಟ್ಟನ್ನು ಎತ್ತಿ ಚೀಲಕ್ಕೆ ಹಾಕಿದರು. ನಾವು ಅಷ್ಟಕ್ಕೇ ಬಿಡದೆ ಒಂದು ಹಿಡಿ ಕೊತ್ತಂಬರಿಯನ್ನೂ ನಾವೇ ತೆಗೆದುಕೊಂಡೆವು. ಕೊಳ್ಳುವವರ ಹಕ್ಕೆಂದೇ ನಾವು ಅದನ್ನು ತಿಳಿದಿದ್ದೆವು. ನಮ್ಮ ತಂದೆಯವರೂ ಸಂತೆಯಲ್ಲಿ ಕೊಸರು ಕೇಳದೆ ಬಂದವರಲ್ಲ.

ನಾಲ್ಕು ಹೆಜ್ಜೆ ಮುಂದೆ ಬಂದ ಮೇಲೆ ತಮ್ಮನು ಮೆಲ್ಲಗೆ ಅಂದನು: ‘ಅಣ್ಣಾ, ನಿನ್ನೆ ಸಂಜೀಕ ವೈನಿ ಆ ಥಂಡಿ ಹವಾದ ಅಂಗಡ್ಯಾಗ ಪಾಕೀಟಿನ ಪಲ್ಯ ತಗೊಂಡ್ರಲ್ಲ, ಅಲ್ಲಿ ಕೊಸರು ಕೇಳಿದಿರೇನು?’

ನಮಗೆ ಉತ್ತರ ತೋಚಲಿಲ್ಲ. ಹಿಂದಿನ ಸಂಜೆ ಮಗಳ ಮನೆಯ ಬಳಿಯ ಅಂಗಡಿಯಲ್ಲಿ ನಾವು ಪಾಕೀಟಿನ ಮೇಲೆ ಅಚ್ಚಾಗಿದ್ದ ಬೆಲೆಯನ್ನು ತುಟಿ ಬಿಚ್ಚದೆ ಕೊಟ್ಟುಬಂದಿದ್ದೆವು. ಅಲ್ಲಿ ಕೇಳಲು ಮುಖವಿರಲಿಲ್ಲ, ಯಂತ್ರವಿತ್ತು. ಇಲ್ಲಿ ಮುಖವಿತ್ತು, ಅದಕ್ಕೇ ಕೇಳಿದೆವು. ತಮ್ಮನು ಮುಂದುವರಿಸಿ, ಪೇಟೆಯಲ್ಲಿಯೂ ತನಗೆ ಆಗುವುದು ಹೀಗೆಯೇ ಎಂದನು. ಒಂದೊಂದು ಕ್ರೇಟಿಗೆ ಇಷ್ಟಿಷ್ಟು ಎಂದು ತೂಕದಲ್ಲಿ ಕಳೆಯುತ್ತಾರೆ; ಹಣ್ಣು ನೋಡುವವರು ನಾಲ್ಕು ಎತ್ತಿಕೊಳ್ಳುತ್ತಾರೆ; ಹಮಾಲರು ತಮ್ಮ ಪಾಲಿನದು ತೆಗೆದುಕೊಳ್ಳುತ್ತಾರೆ. ಎಲ್ಲರೂ ಕೇಳುವುದು ಸ್ವಲ್ಪವೇ. ಆದರೆ ಎಲ್ಲರ ಸ್ವಲ್ಪವೂ ಹೋಗುವುದು ಒಂದೇ ಬುಟ್ಟಿಯಿಂದ. ‘ನಮ್ಮ ಹೊಲದ ಮೆಂತಿ ಹಿಂಗ ಮಾರಾಕ ಕುಂತಿದ್ರ ನಿಮ್ಮ ಸೊಸಿ ಕುಂದರ್ತಿದ್ದಳು ಅಣ್ಣಾ’ ಎಂದಾಗ ಆತನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಅಷ್ಟು ನೋಯುತ್ತಿರಲಿಲ್ಲ.

ನಮ್ಮ ಮನೆಯವರು ಮಾತಾಡದೆ ಹಿಂದಿರುಗಿ ಹೋಗಿ, ಎರಡು ಕಟ್ಟಿನ ಮತ್ತು ಕೊತ್ತಂಬರಿಯ ಹಣವನ್ನು ಆ ತಾಯಿಯ ಮುಂದಿಟ್ಟರು. ಅವರು ಬೇಡವೆಂದರು, ಇವರು ಬಿಡಲಿಲ್ಲ. ಕೊನೆಗೆ ಹಣವನ್ನು ತೆಗೆದುಕೊಂಡು, ಒಂದು ಹಿಡಿ ಕರಿಬೇವನ್ನು ತಾವಾಗಿಯೇ ಚೀಲದ ಮೇಲಿಟ್ಟು, ಶುಭಕಾರ್ಯಕ್ಕೆ ನನ್ನದೂ ಇರಲಿ ಎಂದರು. ಕೊಸರು ಎಂಬುದು ಕೊಡುವವರ ಕೈಯಿಂದ ತಾನಾಗಿ ಬಂದಾಗ ಅದಕ್ಕೆ ಬೇರೆಯೇ ರುಚಿ ಇರುತ್ತದೆ.

ಬೆಳಕಿನ ಕೆಳಗಿನ ಕತ್ತಲೆ

ಒಂದು ಮುಂಜಾವನ್ನು ಕಂಡು ಎಲ್ಲವೂ ಚೆನ್ನೆಂದು ಬರೆದುಬಿಡುವುದು ಸುಲಭ. ರೈತರ ನೇರ ಪೇಟೆಗಳಿಗೆ ಎಲ್ಲಿಯೂ ಕೆಲವು ತೊಡಕುಗಳುಂಟು. ಕಾಲ ಕಳೆದಂತೆ ರೈತನ ಹೆಸರಿನಲ್ಲಿ ವ್ಯಾಪಾರಿಗಳೇ ಬಂದು ಕೂರುವುದು ಅವುಗಳಲ್ಲಿ ಮೊದಲನೆಯದು. ಗುರುತಿನ ಚೀಟಿಯನ್ನು ಆಗಾಗ ಹೊಲಕ್ಕೇ ಹೋಗಿ ಪರೀಕ್ಷಿಸದಿದ್ದರೆ ನಿಯಮ ಕಾಗದದಲ್ಲಿ ಮಾತ್ರ ಉಳಿಯುತ್ತದೆ. ಎರಡನೆಯದು ದೂರದ ಮಾತು. ನಗರದಿಂದ ಮೂವತ್ತು ನಲವತ್ತು ಕಿಲೋಮೀಟರ್ ಒಳಗಿನ ಹಳ್ಳಿಗರು ರಾತ್ರಿ ಹೊರಟು ಬೆಳಿಗ್ಗೆ ಮಾರಿ ಮಧ್ಯಾಹ್ನ ಮನೆ ಸೇರಬಹುದು. ನಮ್ಮ ಭಾಲ್ಕಿಯ ರೈತ ಹೈದರಾಬಾದಿಗೆ ಬಂದು ಸೊಪ್ಪು ಮಾರಲಾರ. ಮೂರನೆಯದು ಕೈಗಳ ಲೆಕ್ಕ. ಹೊಲದಲ್ಲಿ ದುಡಿಯುವ ಕೈಯೇ ಪೇಟೆಯಲ್ಲಿಯೂ ಕೂರಬೇಕಾದರೆ ಮನೆಯಲ್ಲಿ ಮೂವರಾದರೂ ದುಡಿಯುವವರಿರಬೇಕು. ಒಂದೇ ದಿನ ನೂರು ಕ್ರೇಟು ಟೊಮೆಟೊ ಬರುವ ಹೊಲದವನಿಗೆ ಕಿಲೋ ಎರಡು ಕಿಲೋ ತೂಗುತ್ತ ಕೂರುವುದು ಸಾಧ್ಯವಿಲ್ಲ. ಅವನಿಗೆ ಸಗಟು ಪೇಟೆಯೇ ಗತಿ. ಅಲ್ಲಿಯ ತೂಕವೂ ಸವಾಲೂ ನೇರವಾಗಬೇಕಾದುದು ಬೇರೆಯೇ ಹೋರಾಟ.

ಇದನ್ನೆಲ್ಲ ತಿಳಿದೂ ನಮಗೆ ಆ ಬಜಾರು ಮೆಚ್ಚುಗೆಯಾಯಿತು. ಬೆಳೆದವರೂ ಉಣ್ಣುವವರೂ ಒಬ್ಬರ ಮುಖವನ್ನೊಬ್ಬರು ನೋಡುವ ಜಾಗ ಅದು. ಮುಖ ಕಂಡಲ್ಲಿ ಮೋಸ ಮಾಡುವುದಕ್ಕೂ, ನಮ್ಮಂತೆ ಕಸಿದುಕೊಳ್ಳುವುದಕ್ಕೂ ನಾಚಿಕೆಯಾಗುತ್ತದೆ.

ನಮ್ಮ ಮನೆಗಳಿಂದ ಆಗಬಹುದಾದುದು

ಸಹೃದಯ ಓದುಗರೇ, ಸರ್ಕಾರ ಬಜಾರು ಕಟ್ಟಿಸಲಿ ಎಂದು ಕಾಯುವುದರ ಜೊತೆಗೆ ನಮ್ಮ ನಮ್ಮ ಮನೆಗಳಿಂದಲೂ ಕೆಲವು ಕೆಲಸಗಳು ಆಗಬಹುದು. ನಮ್ಮಲ್ಲಿ ಬಹಳಷ್ಟು ಕುಟುಂಬಗಳು ಒಂದು ಕಾಲನ್ನು ಪಟ್ಟಣದಲ್ಲಿಯೂ ಮತ್ತೊಂದು ಕಾಲನ್ನು ಹೊಲದಲ್ಲಿಯೂ ಇಟ್ಟವು. ಅಣ್ಣ ನೌಕರಿಯಲ್ಲಿದ್ದರೆ ತಮ್ಮ ಒಕ್ಕಲುತನದಲ್ಲಿರುತ್ತಾನೆ. ಪಟ್ಟಣದ ಮನೆ ಅಂಗಡಿಯಿಂದ ಕೊಳ್ಳುತ್ತದೆ, ಊರಿನ ಮನೆ ಅಡತಿಗೆ ಹಾಕುತ್ತದೆ. ಇವೆರಡನ್ನೂ ಕೂಡಿಸುವ ಯೋಚನೆ ನಮಗೆ ಹೊಳೆಯುವುದೇ ಇಲ್ಲ.

ಸಂತೆಗೆ ಹೋಗುವಾಗ ಬೆಳೆದವರು ಯಾರು, ಕೊಂಡು ಮಾರುವವರು ಯಾರು ಎಂದು ಒಂದೆರಡು ಮಾತಾಡಿ ತಿಳಿದುಕೊಳ್ಳಬೇಕು. ಯಾವ ಊರು, ಎಂದು ಬಿತ್ತಿದ್ದು, ನೀರು ಹೇಗಿದೆ ಎಂದು ಕೇಳಿದರೆ ಬೆಳೆದವರ ಮುಖ ಅರಳುತ್ತದೆ. ಉಳಿದವರು ಮಾತು ತಿರುಗಿಸುತ್ತಾರೆ. ಬಟ್ಟೆಯ ಚೀಲವನ್ನೂ ಚಿಲ್ಲರೆಯನ್ನೂ ಒಯ್ಯಬೇಕು. ಋತುವಿಗೆ ತಕ್ಕ ಕಾಯಿಪಲ್ಯವನ್ನು ಕೊಂಡರೆ ಅಗ್ಗವೂ ಹೌದು, ಆರೋಗ್ಯಕ್ಕೂ ಒಳ್ಳೆಯದು. ತುಸು ಸೊಟ್ಟಗಿರುವ ಸೌತೆಕಾಯಿ, ಒಂದು ತೂತಿರುವ ಎಲೆ ಇವುಗಳನ್ನು ಹೊರಗೆಸೆಯದೆ ಕೊಳ್ಳಬೇಕು. ತೂತಿಲ್ಲದ ಎಲೆಗೆ ಎಷ್ಟು ಸಲ ಔಷಧ ಹೊಡೆದಿರಬಹುದೆಂಬುದನ್ನು ಒಕ್ಕಲಿಗರ ಮನೆಯಲ್ಲಿ ಹುಟ್ಟಿದವರು ಬಲ್ಲರು. ಅಂಗಡಿಯಲ್ಲಿ ಕೇಳದ ಕೊಸರನ್ನು ಬುಟ್ಟಿಯವರಲ್ಲಿ ಕೇಳಬಾರದು. ಬಡಾವಣೆಯ ಸಂಘಗಳು ವಾರಕ್ಕೊಂದು ಬೆಳಿಗ್ಗೆ ತಮ್ಮ ಬಯಲನ್ನು ಸುತ್ತಲಿನ ಬೆಳೆಗಾರರಿಗೆ ಬಿಟ್ಟುಕೊಟ್ಟರೆ ಅದೇ ಒಂದು ಚಿಕ್ಕ ರೈತ ಸಂತೆಯಾಗುತ್ತದೆ. ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಒಂದು ನಂಬಿಗೆಯ ತಕ್ಕಡಿ ಇಷ್ಟಿದ್ದರೆ ಸಾಕು.

ಗೃಹಪ್ರವೇಶದ ಊಟದಲ್ಲಿ ಎಣ್ಣೆಗಾಯಿಯನ್ನೂ ಪುಂಡಿಪಲ್ಯವನ್ನೂ ಎಲ್ಲರೂ ಕೇಳಿ ಕೇಳಿ ಹಾಕಿಸಿಕೊಂಡರು. ತಮ್ಮನು ಪಂಕ್ತಿಯಲ್ಲಿ ಕುಳಿತು, ಈ ಪುಂಡಿ ಚೇವೆಳ್ಳದ ಕಡೆಯದು ಎಂದು ಪಕ್ಕದವರಿಗೆ ಹೇಳುತ್ತಿದ್ದನು. ತನ್ನ ಟೊಮೆಟೊ ಯಾರ ಸಾರಿಗೆ ಬಿತ್ತೆಂದು ಹೇಳುವ ಭಾಗ್ಯ ಆತನಿಗೆ ಅಂದಿನವರೆಗೆ ಒದಗಿರಲಿಲ್ಲ.

ಊರಿಗೆ ಮರಳಿದ ಮೇಲೆ ನಡೆದುದನ್ನೂ ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ತಮ್ಮನು ಟೊಮೆಟೊ ಕ್ಷೇತ್ರವನ್ನು ಅರ್ಧಕ್ಕಿಳಿಸಿ, ಉಳಿದ ಜಾಗದಲ್ಲಿ ಮಡಿ ಮಾಡಿ ವಾರಕ್ಕೊಂದರಂತೆ ಸೊಪ್ಪು ಬಿತ್ತಿದನು. ಅವನ ಮಗ ಬುಧವಾರ ಮತ್ತು ಶನಿವಾರ ಮೋಟಾರು ಸೈಕಲ್ಲಿಗೆ ಎರಡು ಬುಟ್ಟಿ ಕಟ್ಟಿಕೊಂಡು ಭಾಲ್ಕಿಯ ಒಂದು ಬಡಾವಣೆಗೆ ಹೋಗತೊಡಗಿದನು. ಮೊದಲು ಐದು ಮನೆಗಳಿದ್ದವು, ಈಗ ಹದಿನಾಲ್ಕಾಗಿವೆ. ಮಳೆ ಹಿಡಿದ ಎರಡು ವಾರ ಒಂದು ಕಟ್ಟೂ ಕೈಗೆ ಬರಲಿಲ್ಲ. ಒಂದು ಮಡಿಯ ಪಾಲಕ ಹುಳುವಿನ ಪಾಲಾಯಿತು. ಪಗಾರದಷ್ಟು ಆದಾಯ ಇನ್ನೂ ಬಂದಿಲ್ಲ, ಮುಂದೆ ಬರುತ್ತದೆಂದು ಹೇಳುವ ಧೈರ್ಯವೂ ನಮಗಿಲ್ಲ. ಹುಡುಗನು ಪಟ್ಟಣದ ಕೆಲಸದ ಆಸೆಯನ್ನು ಪೂರ್ತಿ ಬಿಟ್ಟಿಲ್ಲ. ಈ ಬೇಸಿಗೆಯವರೆಗೆ ನೋಡುತ್ತೇನೆ ಎಂದಿದ್ದಾನೆ.

ಕಳೆದ ತಿಂಗಳು ಊರಿಗೆ ಹೋದಾಗ ಆತನ ಲೆಕ್ಕದ ವಹಿಯನ್ನು ನೋಡಿದೆವು. ಮನೆಗಳ ಹೆಸರು, ಕಟ್ಟುಗಳ ಸಂಖ್ಯೆ, ಬಂದ ಹಣ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದನು. ಕೊನೆಯಲ್ಲಿ ಒಂದು ಅಂಕಣಕ್ಕೆ ‘ಕೊಸರು’ ಎಂದು ತಲೆಬರಹವಿತ್ತು. ಅದರಲ್ಲಿ ಕೆಲವು ಮನೆಗಳ ಮುಂದೆ ಮಾತ್ರ ಒಂದೊಂದು ಗೀಟು ಇತ್ತು. ‘ಇದೇನಪ್ಪಾ?’ ಎಂದು ಕೇಳಿದೆವು. ‘ದೊಡ್ಡಪ್ಪಾ, ಇವರು ಒಮ್ಮಿನೂ ಕೇಳೋದಿಲ್ಲ. ಅದಕ್ಕ ಇವರಿಗೆ ನಾನೇ ಹಾಕ್ತೀನಿ’ ಎಂದನು.